ಮಾಮಿ ಬಂದ್ ಮಾಡುತ್ತಿದ್ದ ಸ್ವಿಚ್ಚುಗಳು

ನಾನು ಮದುವೆಯಾಗಿ ಕಾಪುವಿನ ಮನೆಗೆ ಬಂದಾಗ ಅಲ್ಲಿ ಕರೆಂಟಿನಿಂದ ನಡೆಯುವಂಥದ್ದೆಂದರೆ ಕೆಲವು ಬಲ್ಬುಗಳು, ಒಂದು ಟಿವಿ ಮತ್ತು ಒಂದು ಫ್ಯಾನು. ಫ್ಯಾನು ಚಾವಡಿಯಲ್ಲಿತ್ತು. ನೆಂಟರು ಬಂದರೆ ಮಾತ್ರ ತಿರುಗುತ್ತಿತ್ತು, ಅವರು ಚಪ್ಪಲಿ ಹಾಕಿಕೊಳ್ಳುವ ಮೊದಲೇ ನಿಲ್ಲುತ್ತಿತ್ತು. ನಿಲ್ಲಿಸುತ್ತಿದ್ದವರು ನನ್ನ ಅತ್ತೆ. ತುಳು ಮಾತಾಡುವ ನಮ್ಮ ಮನೆಗಳಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಮಲ್ಪೆಯಿಂದ ಹೊರಡುವ ಬೋಟಿನಲ್ಲಿ ಮೀನು ಹಿಡಿಯುವ ಕೆಲಸದವರು, ಹೋದರೆ ವಾರಗಟ್ಟಲೆ ಸಮುದ್ರದಲ್ಲೇ. ನಾದಿನಿಯನ್ನು ಕಾರ್ಕಳಕ್ಕೆ ಕೊಟ್ಟಿದ್ದರು. ನಮಗೆ ಮಕ್ಕಳಾಗಲಿಲ್ಲ. ಹಾಗಾಗಿ ವರ್ಷದ ಹೆಚ್ಚಿನ ದಿನಗಳಲ್ಲಿ ಆ ಮನೆಯಲ್ಲಿ ಇರುತ್ತಿದ್ದವರು ನಾನು ಮತ್ತು ಮಾಮಿ.

ಮಾಮಿ ಮೀನು ಮಾರುತ್ತಿದ್ದರು. ಬೆಳಗ್ಗಿನ ಬಸ್ಸಿನಲ್ಲಿ ಬುಟ್ಟಿ ಹಾಕಿಕೊಂಡು ಉಡುಪಿಗೆ ಹೋಗಿ, ಬನ್ನಂಜೆಯ ಮನೆಮನೆ ತಿರುಗಿ ಮಾರಿ, ಮಧ್ಯಾಹ್ನದ ಊಟಕ್ಕೆ ವಾಪಸು ಬರುವುದು. ಅವರಿಗೆ ಫ್ರಿಜ್ಜೆಂದರೆ ಆಗುತ್ತಿರಲಿಲ್ಲ. ಮೊದಲೆಲ್ಲ ಬನ್ನಂಜೆಯ ಹೆಂಗಸರು ದಿನಾ ಗೇಟಿನ ಹತ್ತಿರ ಕಾಯುತ್ತಿದ್ದರಂತೆ. ಒಂದೊಂದೇ ಮನೆಗೆ ಫ್ರಿಜ್ಜು ಬಂದ ಮೇಲೆ ವಾರಕ್ಕೊಮ್ಮೆ ತೆಗೆದುಕೊಂಡು ಒಳಗಿಡುವುದು ಶುರುವಾಯಿತು. "ಐದು ದಿನ ಹಳೆಯ ಬಂಗುಡೆ ತಿಂದು ನನ್ನ ಹತ್ತಿರ ರುಚಿ ಇಲ್ಲ ಅಂತ ಹೇಳುತ್ತಾರೆ. ರುಚಿ ಎಲ್ಲಿಂದ ಬರಬೇಕು" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಆ ಪೆಟ್ಟಿಗೆ ಬೇಡವೇ ಬೇಡ ಎಂದು ಮಗನಿಗೆ ಹೇಳಿಬಿಟ್ಟಿದ್ದರು.

ನನಗೆ ಮಣಿಪಾಲದ ಒಂದು ಲ್ಯಾಬಿನಲ್ಲಿ ರಿಪೋರ್ಟು ಟೈಪು ಮಾಡುವ ಕೆಲಸ ಸಿಕ್ಕಿದಾಗ ಮನೆಯಲ್ಲಿ ಮೊದಲ ಸಲ ಮಾತಿಗೆ ಮಾತು ಬಂತು. ಮಿಕ್ಸಿ ಬೇಕು ಎಂದು ನಾನು ಹೇಳಿದ್ದೆ.

"ಕಲ್ಲು ಉಂಟಲ್ಲ" ಎಂದರು ಮಾಮಿ.

"ಎರಡು ಬಸ್ಸು ಹತ್ತಿ ಹೋಗಬೇಕು ಮಾಮಿ. ಅರೆಯುತ್ತಾ ಕೂತರೆ ಕೆಲಸಕ್ಕೆ ತಲುಪುವುದು ಯಾವಾಗ?"

"ನಾನು ಅರೆದಿಟ್ಟೇ ಹೋಗುತ್ತಿರಲಿಲ್ಲವಾ?"

"ಹೋಗುತ್ತಿದ್ದಿರಿ. ಈಗ ನಿಮ್ಮ ಕೈ ನೋಡಿಕೊಳ್ಳಿ."

ಅವರು ನಿಜವಾಗಿಯೂ ಕೈ ನೋಡಿಕೊಂಡರು. ಬೆರಳುಗಳ ಗಂಟು ಊದಿ, ಕಿರುಬೆರಳು ಒಳಗೆ ಬಾಗಿತ್ತು. ಆ ಭಾನುವಾರ ಅಂಗಡಿಗೆ ಹೊರಟಾಗ ತಾವೂ ಸೀರೆ ಬದಲಿಸಿ ಬಂದು ನಿಂತರು. ಅಂಗಡಿಯವನ ಹತ್ತಿರ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಕರೆಂಟು ಎಷ್ಟು ತಿನ್ನುತ್ತದೆ?"

ಆಮೇಲೆ ಒಂದೊಂದಾಗಿ ಬಂದವು. ವಾಷಿಂಗ್ ಮಷೀನು, ಗೀಸರು, ಕೊನೆಗೆ ಫ್ರಿಜ್ಜೂ. ಅಷ್ಟರಲ್ಲಿ ಮಾಮಿಯ ಮಂಡಿ ಸೋತು ಮಾರಾಟ ನಿಂತಿತ್ತು, ಫ್ರಿಜ್ಜಿನ ಮೇಲಿನ ಸಿಟ್ಟು ಇಳಿದಿತ್ತು. ಅದರ ಮೇಲೆ ಅಂಟಿಸಿದ ನಕ್ಷತ್ರಗಳು ಯಾಕೆ ಎಂದು ಅಂಗಡಿಯವನಿಂದ ಕೇಳಿ ತಿಳಿದುಕೊಂಡು, ಬಣ್ಣ ನೋಡುತ್ತಿದ್ದ ನನ್ನನ್ನು ಪಕ್ಕಕ್ಕೆ ಸರಿಸಿ, ಕರೆಂಟು ಕಡಿಮೆ ತಿನ್ನುವ, ಹೆಚ್ಚು ನಕ್ಷತ್ರ ಇದ್ದುದನ್ನೇ ಹಾಕಿಸಿದರು.

ಅವರದು ಒಂದೇ ಷರತ್ತು. ಮಷೀನು ನಿನ್ನದು, ಅದನ್ನು ನಡೆಸುವ ಕ್ರಮ ನನ್ನದು. ಆ ಕ್ರಮ ಹೀಗಿತ್ತು: ಬಿಸಿ ಸಾರು ಆರುವವರೆಗೆ ಫ್ರಿಜ್ಜಿಗೆ ಹೋಗಬಾರದು. ಬಾಗಿಲು ತೆರೆಯುವ ಮೊದಲೇ ಏನು ಬೇಕೆಂದು ಯೋಚಿಸಿರಬೇಕು, ತೆರೆದಿಟ್ಟುಕೊಂಡು ಅಲ್ಲ. ವಾಷಿಂಗ್ ಮಷೀನು ತುಂಬಿದರೆ ಮಾತ್ರ ಓಡಬೇಕು, ಬಿಸಿಲಿರುವ ದಿನ ಹಿಂಡುವುದಕ್ಕೆ ಅದು ಬೇಡ. ಗೀಸರು ಮಳೆಗಾಲಕ್ಕೆ ಮಾತ್ರ, ಉಳಿದ ತಿಂಗಳು ಬಚ್ಚಲ ಹಂಡೆಗೆ ತೆಂಗಿನ ಸಿಪ್ಪೆಯ ಬೆಂಕಿ. ಇಸ್ತ್ರಿ ಭಾನುವಾರ ಒಟ್ಟಿಗೆ. ನಾನು ಗೊಣಗಿಕೊಂಡೇ ಕಲಿತೆ. ಸ್ವಲ್ಪ ಸಮಯದಲ್ಲಿ ನನಗೂ ಅದು ಸರಿ ಅನ್ನಿಸತೊಡಗಿತು. ಲ್ಯಾಬಿನಲ್ಲಿ ಯಂತ್ರಗಳಿಗೋಸ್ಕರ ದಿನವಿಡೀ ಏಸಿ ಓಡುತ್ತದೆ, ನಾವು ಸ್ವೆಟರು ಹಾಕಿ ಕೂರುತ್ತೇವೆ. ಸಂಜೆ ಅಲ್ಲಿಂದ ಮನೆಗೆ ಬಂದರೆ, ಹಿಂಬಾಗಿಲು ತೆರೆದಿಟ್ಟು ಸಮುದ್ರದ ಗಾಳಿಗೆ ಕಾಲು ಚಾಚಿ ಕೂತ ಮಾಮಿ ಕಾಣುತ್ತಿದ್ದರು. ಅವರ ಪಕ್ಕದಲ್ಲಿ ನಾನೂ ಕೂರುತ್ತಿದ್ದೆ.

ಒಮ್ಮೆ ಮೀಟರು ಓದಲು ಬಂದವನು ಬಿಲ್ಲು ಹರಿದು ಕೊಡುತ್ತಾ, "ಮನೆಯಲ್ಲಿ ಜನ ಇರುವುದಿಲ್ಲವಾ ಅಮ್ಮ?" ಎಂದು ಕೇಳಿದನಂತೆ. ಮಾಮಿ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಆ ಕೆಲವು ವರ್ಷ ನಮ್ಮ ಮನೆ ಚೆನ್ನಾಗಿ ನಡೆಯಿತು.

ಒಂದು ಸಂಜೆ ಕೆಲಸದಿಂದ ಬಂದಾಗ ಅಂಗಳದಲ್ಲೇ ವಾಸನೆ ಹೊಡೆಯಿತು. ಹಿಂದಿನ ದಿನವಷ್ಟೆ ಗಂಡ ಬೋಟಿನಿಂದ ಬಂದು, ಮೀನು ಕೊಟ್ಟು, ಮತ್ತೆ ಹೋಗಿದ್ದರು. ಬಂಗುಡೆ ಇತ್ತು, ಅಂಜಲ್ ಇತ್ತು, ಎಲ್ಲವನ್ನೂ ಫ್ರಿಜ್ಜಿನಲ್ಲಿಟ್ಟಿದ್ದೆ. ಒಳಗೆ ಹೋಗಿ ನೋಡಿದರೆ ಫ್ರಿಜ್ಜಿನ ಕೆಳಗಿನಿಂದ ಕೆಂಪು ನೀರು ಅಡುಗೆಮನೆಯ ನೆಲಕ್ಕೆ ಹರಿದಿದೆ. ಸ್ವಿಚ್ಚು ಬಂದ್ ಆಗಿದೆ.

"ಮಾಮಿ, ಇದನ್ನು ಯಾರು ಬಂದ್ ಮಾಡಿದ್ದು?"

"ನಾನೇ. ಸುಮ್ಮನೆ ಓಡುತ್ತಾ ಇತ್ತು. ಮನೆಯಲ್ಲಿ ಯಾರಿದ್ದಾರೆ?"

"ಒಳಗೆ ಮೀನು ಇತ್ತಲ್ಲ."

"ಮೀನಿಗೆ ಎಂತ ಆಗಿದೆ?" ಎಂದು ಅವರೇ ಒಂದು ಬಂಗುಡೆ ತೆಗೆದರು. ಎಂದಿನಂತೆ ಹೆಬ್ಬೆರಳಿನಿಂದ ಕಿವಿರು ಎತ್ತಿ ನೋಡಿದರು. ಕಿವಿರು ಕಂದಾಗಿ ಲೋಳೆಯಾಗಿತ್ತು. ನನಗೆ ಮೂಗು ಮುಚ್ಚಿದ ಕೈ ತೆಗೆಯಲಾಗುತ್ತಿರಲಿಲ್ಲ. ಅವರು ಅದನ್ನು ಮುಖದ ಹತ್ತಿರ ಹಿಡಿದು, "ಒಳ್ಳೆಯದುಂಟು. ಇವತ್ತಿನದ್ದೇ" ಎಂದರು.

ಫ್ರಿಜ್ಜು ಬಂದ್ ಮಾಡಿದ್ದಕ್ಕೆ ನನಗೆ ಹೆದರಿಕೆಯಾಗಿರಲಿಲ್ಲ, ಸಿಟ್ಟು ಮಾತ್ರ ಬಂದಿತ್ತು. ಹೆದರಿಕೆಯಾದದ್ದು ಆ ಮಾತಿಗೆ. ಅಂಗಳದಲ್ಲಿ ನಿಂತು, ಮನೆಯೊಳಗೆ ಬೇಯುತ್ತಿರುವ ಮೀನು ಬೆಳಗ್ಗಿನದೋ ನಿನ್ನೆಯದೋ ಎಂದು ಹೇಳುತ್ತಿದ್ದ ಹೆಂಗಸು ಅವರು. ನಾನು ಮೀನನ್ನೆಲ್ಲ ಬಕೆಟ್ಟಿಗೆ ಹಾಕಿ ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಹೂತೆ. ಮಾಮಿ ಮೆಟ್ಟಿಲ ಮೇಲೆ ನಿಂತು ಪಕ್ಕದ ಮನೆಯವರಿಗೆ ಕೇಳುವಂತೆ, "ನೋಡಿ, ಒಳ್ಳೆ ಮೀನನ್ನು ಮಣ್ಣು ಮಾಡುತ್ತಿದ್ದಾಳೆ" ಎಂದು ಅತ್ತರು.

ಗಂಡ ಬಂದ ಮೇಲೆ ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿದೆವು. ತಲೆಯ ಸ್ಕ್ಯಾನು ಆಯಿತು, ರಕ್ತ ಪರೀಕ್ಷೆ ಆಯಿತು. ಡಾಕ್ಟರು ನನ್ನ ಕಡೆ ತಿರುಗಿ, "ಇದು ಯಾವಾಗ ಶುರುವಾಯಿತು?" ಎಂದು ಕೇಳಿದರು. ನಾನು ಫ್ಯಾನಿನ ಕೆಳಗೆ ಕೂತಿರುವಾಗಲೇ ಅದನ್ನು ನಿಲ್ಲಿಸುವುದು, ಸ್ನಾನಕ್ಕೆ ಹೋದವಳು ಒಳಗಿರುವಾಗಲೇ ಬಚ್ಚಲ ದೀಪ ತೆಗೆಯುವುದು, ಟಿವಿ ನೋಡುತ್ತಿದ್ದ ಹಾಗೆಯೇ ಬಂದ್ ಮಾಡಿ ಎದ್ದು ಹೋಗುವುದು, ಇದನ್ನೆಲ್ಲ ನಾನು ವರ್ಷಗಳಿಂದ ಕಂಡಿದ್ದೆ, ಅದು ಅವರ ಸ್ವಭಾವ ಅಂದುಕೊಂಡಿದ್ದೆ. ಅದರಲ್ಲಿ ಸ್ವಭಾವ ಎಲ್ಲಿಗೆ ಮುಗಿದು ಕಾಯಿಲೆ ಎಲ್ಲಿಂದ ಹಿಡಿಯಿತು ಎಂದು ಹೇಗೆ ಹೇಳುವುದು?

"ಗೊತ್ತಿಲ್ಲ ಡಾಕ್ಟ್ರೇ" ಎಂದೆ.

ಮರೆವಿನ ಕಾಯಿಲೆ, ಗುಣವಾಗುವಂಥದ್ದಲ್ಲ, ಮಾತ್ರೆಯಿಂದ ಸ್ವಲ್ಪ ನಿಧಾನವಾಗಬಹುದು ಎಂದರು. ಆಮೇಲೆ ಮನೆಯಲ್ಲಿ ಪಾಲಿಸಬೇಕಾದದ್ದನ್ನು ಹೇಳಿದರು. ಬೆಂಕಿಯ ಹತ್ತಿರ ಬಿಡಬೇಡಿ. ಸಂಜೆಯಾಗುತ್ತಿದ್ದಂತೆ ಎಲ್ಲಾ ಕೋಣೆಯಲ್ಲೂ ದೀಪ ಹಾಕಿ, ಮಬ್ಬಿನಲ್ಲಿ ನೆರಳು ಕಂಡರೆ ಇವರಿಗೆ ಹೆದರಿಕೆಯಾಗುತ್ತದೆ. ನನ್ನ ಗಂಡ ತಲೆಯಾಡಿಸುತ್ತಿದ್ದರು. ಮಾಮಿ ಡಾಕ್ಟರ ಮೇಜಿನ ಮೇಲೆ ಹಗಲಲ್ಲೂ ಉರಿಯುತ್ತಿದ್ದ ದೀಪವನ್ನೇ ನೋಡುತ್ತಿದ್ದರು.

ಅಲ್ಲಿಂದ ಮುಂದೆ ಮಾಮಿಯ ಕ್ರಮಗಳನ್ನು ಒಂದೊಂದಾಗಿ ಮುರಿದವಳು ನಾನೇ, ಬೇರೆ ದಾರಿ ಇರಲಿಲ್ಲ. ಅವರು ಹಂಡೆಯ ಒಲೆಗೆ ಸೆರಗು ತಾಗಿಸಿಕೊಂಡ ದಿನವೇ ಒಲೆಯ ಬಾಯಿ ಮುಚ್ಚಿಸಿದೆವು, ಬೇಸಗೆಯಲ್ಲೂ ಗೀಸರು ಬಂತು. ಗ್ಯಾಸು ತಿರುಗಿಸಿ ಬೆಂಕಿ ಹಚ್ಚದೆ ಬಿಟ್ಟ ಮೇಲೆ ಸಿಲಿಂಡರು ತೆಗೆದಿಟ್ಟು ಇಂಡಕ್ಷನ್ ಒಲೆ ತಂದೆವು. ಗೊತ್ತಾಗದೆ ಬಟ್ಟೆಯಲ್ಲೇ ಮೂತ್ರ ಆಗತೊಡಗಿದ ಮೇಲೆ ವಾಷಿಂಗ್ ಮಷೀನು ದಿನಾ ಓಡಲೇಬೇಕಾಯಿತು, ತುಂಬಿದರೂ ತುಂಬದಿದ್ದರೂ. ಎಲ್ಲಾ ಕೋಣೆಯಲ್ಲಿ ದೀಪ. ನಾನು ಕೆಲಸಕ್ಕೆ ಹೋದಾಗ ಹಗಲಿಗೆ ಪಕ್ಕದ ಕೇರಿಯ ಒಬ್ಬ ಹೆಂಗಸು ಬಂದು ಕೂರುತ್ತಿದ್ದಳು. ಅವಳಿಗೆ ಫ್ಯಾನು ಇಲ್ಲದೆ ಆಗುತ್ತಿರಲಿಲ್ಲ. ಮಾಮಿ ನಿಲ್ಲಿಸುವುದು, ಅವಳು ಹಾಕುವುದು, ಸಂಜೆ ನಾನು ಬಂದಾಗ ಇಬ್ಬರೂ ನನ್ನ ಹತ್ತಿರ ದೂರು ಹೇಳುವುದು.

ಫ್ರಿಜ್ಜಿನ ಸ್ವಿಚ್ಚನ್ನು ಎಲೆಕ್ಟ್ರಿಶಿಯನ್ ಕೈಗೆಟುಕದಷ್ಟು ಮೇಲೆ ಹಾಕಿಕೊಟ್ಟ. ಮರುವಾರ ಮಾಮಿ ಕುರ್ಚಿಯ ಮೇಲೆ ಹತ್ತಿ ನಿಂತದ್ದನ್ನು ಕಂಡು ಓಡಿ ಹೋಗಿ ಕೈ ಹಿಡಿದು ಇಳಿಸಿದೆ, ಸ್ವಿಚ್ಚನ್ನು ಮತ್ತೆ ಕೆಳಗೇ ತಂದೆವು. ಹಾಗೆಯೇ ಜಗಲಿಯ ಮೇನ್ ಸ್ವಿಚ್ಚು. ಅವರು ಅದನ್ನು ಕಂಡುಹಿಡಿದ ಮೇಲೆ ಒಂದನ್ನು ಬಂದ್ ಮಾಡಿದರೆ ಎಲ್ಲವೂ ಬಂದ್. ಗಂಡ ಮರದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದರು. ಮಾಮಿ ಆ ಬೀಗದ ಎದುರು ನಿಂತುಕೊಳ್ಳುತ್ತಿದ್ದರು. ಎಳೆಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಬಾಗಿಲು ತೆರೆಯಲಿ ಎಂದು ಕಾಯುವವರ ಹಾಗೆ ನಿಲ್ಲುತ್ತಿದ್ದರು.

ಸಂಜೆಗಳೇ ಕಷ್ಟ. ದೀಪ ಹಾಕಿದರೆ, "ಇಷ್ಟೆಲ್ಲ ಯಾಕೆ ಉರಿಸುತ್ತಿ? ಹುಡುಗ ಸಮುದ್ರದಲ್ಲಿ ಬೇಯುತ್ತಿದ್ದಾನೆ, ನಿನಗೆ ಗೊತ್ತುಂಟಾ?" ಎಂದು ನನ್ನ ಹಿಂದೆ ಹಿಂದೆಯೇ ಕೋಣೆಯಿಂದ ಕೋಣೆಗೆ ಬರುತ್ತಿದ್ದರು. ಅಳುತ್ತಿದ್ದರು. ತಡೆಯಲಾರದೆ ದೀಪ ತೆಗೆದರೆ, ಸ್ವಲ್ಪ ಹೊತ್ತು ಸಮಾಧಾನ. ಆಮೇಲೆ ಮೂಲೆಯ ಕಡೆ ಬೆರಳು ತೋರಿಸಿ ನನ್ನ ತೋಳು ಹಿಡಿಯುತ್ತಿದ್ದರು.

"ಅಲ್ಲಿ ಯಾರದು?"

"ಯಾರೂ ಇಲ್ಲ ಮಾಮಿ. ಅಕ್ಕಿಯ ಡಬ್ಬ."

"ಬುಟ್ಟಿ ಇಟ್ಟುಕೊಂಡು ಕೂತಿದ್ದಾಳಲ್ಲ."

ದೀಪ ಹಾಕಿ ತೋರಿಸುತ್ತಿದ್ದೆ. ಡಬ್ಬವೇ. ಅವರು ಒಪ್ಪುತ್ತಿದ್ದರು. ಒಪ್ಪಿದ ಕೂಡಲೇ, "ಹಾಗಾದರೆ ಲೈಟು ಯಾಕೆ?" ಎಂದು ಸ್ವಿಚ್ಚಿನ ಕಡೆ ಕೈ ಚಾಚುತ್ತಿದ್ದರು. ಬೆಳಕಿದ್ದರೆ ಒಂದು ಸಂಕಟ, ಇಲ್ಲದಿದ್ದರೆ ಇನ್ನೊಂದು. ನಡುವೆ ನಿಲ್ಲುವ ಜಾಗವೇ ಇರಲಿಲ್ಲ. ಕಡಿಮೆ ಬೆಳಕಿನ ಸಣ್ಣ ಬಲ್ಬು ಹಾಕಿ ನೋಡಿದೆ, ನೆರಳು ಇನ್ನೂ ಉದ್ದವಾಯಿತು.

ನಾನು ಸೋತೆ ಎಂದು ನಾದಿನಿಗೆ ಫೋನು ಮಾಡಿದೆ. ಅವಳು ಆ ವಾರವೇ ಕಾರ್ಕಳದಿಂದ ಬಂದು ಅಮ್ಮನನ್ನು ಕರೆದುಕೊಂಡು ಹೋದಳು. ಅವಳ ಗಂಡನಿಗೆ ಮನೆಗೇ ಹೊಂದಿಕೊಂಡು ಒಂದು ಸಣ್ಣ ಅಂಗಡಿ ಉಂಟು, ಸೋಡಾ, ಬಿಸ್ಕತ್ತು, ಐಸ್‌ಕ್ರೀಮು. ಮಾಮಿ ಹೋದ ದಿನ ನಾನು ಕೆಲಸದಿಂದ ಬಂದು ಇಡೀ ಮನೆಯ ದೀಪ ತೆಗೆದು ಹಿಂಬಾಗಿಲಲ್ಲಿ ಒಬ್ಬಳೇ ಕೂತೆ. ಗಾಳಿ ಚೆನ್ನಾಗಿ ಬೀಸುತ್ತಿತ್ತು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ.

ಒಂದು ತಿಂಗಳು ತುಂಬುವ ಮೊದಲೇ ನಾದಿನಿ ಅವರನ್ನು ವಾಪಸು ತಂದಳು. ಅಂಗಳದಲ್ಲಿ ರಿಕ್ಷಾ ನಿಂತಾಗ ಮಾಮಿ ಮೊದಲು ಇಳಿದು ನನ್ನನ್ನು ದಾಟಿ ಒಳಗೆ ಹೋದರು. ನಾದಿನಿ ಚೀಲ ಹಿಡಿದುಕೊಂಡು ರಿಕ್ಷಾದ ಹತ್ತಿರವೇ ನಿಂತಳು.

"ಅತ್ತಿಗೆ, ನನ್ನ ಮೇಲೆ ಸಿಟ್ಟು ಮಾಡಬೇಡಿ. ಅಮ್ಮ ಅಂಗಡಿಯ ಫ್ರೀಜರು ಬಂದ್ ಮಾಡಿಬಿಟ್ಟರು. ಜಾತ್ರೆಗೆ ಅಂತ ತುಂಬಿಸಿದ್ದು ಎಲ್ಲ ನೀರಾಯಿತು. ಮೊದಲ ಸಲ ನನ್ನ ಗಂಡ ಏನೂ ಹೇಳಲಿಲ್ಲ. ಎರಡನೇ ಸಲ..."

"ಬೈದರಾ?"

"ಬೈಯಲಿಲ್ಲ. ಮಾತಾಡುವುದನ್ನೇ ಬಿಟ್ಟರು. ಅಮ್ಮನ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಅಮ್ಮ ಮಾತ್ರ ಒಳ್ಳೆ ಕೆಲಸ ಮಾಡಿದೆ ಅಂತ ಖುಷಿಯಲ್ಲಿದ್ದರು. ನಾನು ಎಂತ ಮಾಡಲಿ?"

ಚೀಲ ಇಸಿದುಕೊಂಡೆ. ಟೀ ಕುಡಿದು ಹೋಗು ಎಂದೆ. ಕತ್ತಲಾಗುವ ಮೊದಲು ಕಾರ್ಕಳದ ಬಸ್ಸು ಹಿಡಿಯಬೇಕು ಎಂದು ಅದೇ ರಿಕ್ಷಾದಲ್ಲಿ ಹೋದಳು.

ಆ ಮಳೆಗಾಲ ಬೋಟುಗಳೆಲ್ಲ ದಡ ಸೇರಿದಾಗ ಗಂಡ ಮನೆಯಲ್ಲಿದ್ದರು. ಅವರಿಗೊಂದು ಉಪಾಯ ಹೊಳೆಯಿತು. ಚಾವಡಿಯ ಗೋಡೆಗೆ ಒಂದು ಹೊಸ ಬೋರ್ಡು ಹೊಡೆದು, ಅದಕ್ಕೆ ಸಾಲಾಗಿ ಸ್ವಿಚ್ಚುಗಳನ್ನು ಕೂರಿಸಿದರು. ಹಿಂದೆ ತಂತಿ ಇಲ್ಲ. ಅಮ್ಮನಿಗೆ ಬೇಕಾದಷ್ಟು ಸಲ ಬಂದ್ ಮಾಡಲಿ, ಮನಸ್ಸಿಗೆ ಸಮಾಧಾನವಾದರೆ ಸಾಕು ಎಂದರು. ಕೆಲಸ ಮುಗಿಸಿ ಅವರೇ ಕರೆದರು.

"ಅಮ್ಮ, ಇಲ್ಲಿ ನೋಡು. ಇನ್ನು ಮೇಲೆ ಎಲ್ಲಾ ಲೈಟಿನ ಸ್ವಿಚ್ಚು ಇದೇ. ನೀನೇ ನೋಡಿಕೊಳ್ಳಬೇಕು."

ಮಾಮಿ ಹತ್ತಿರ ಹೋಗಿ ಒಂದೊಂದೇ ಒತ್ತಿದರು. ಒತ್ತಿ ತಲೆಯೆತ್ತಿ ಬಲ್ಬು ನೋಡಿದರು. ಮತ್ತೊಂದು ಒತ್ತಿ, ಫ್ಯಾನು ನೋಡಿದರು. ಸಾಲು ಮುಗಿಯುವವರೆಗೆ ಹಾಗೆ ಮಾಡಿದರು. ಆಮೇಲೆ ಮಗನ ಕಡೆ ತಿರುಗಿ, "ಇದರಲ್ಲಿ ಯಾವುದೂ ಹೋಗುವುದಿಲ್ಲ" ಎಂದರು. ಮೋಸ ಎಂದು ಅವರು ಹೇಳಲಿಲ್ಲ. ತಮ್ಮಿಂದಲೇ ಆಗುತ್ತಿಲ್ಲ ಎಂಬ ಹಾಗೆ ಮೆಲ್ಲ ಹೇಳಿದರು. ಗಂಡ ಹೊರಗೆ ಹೋಗಿ ಮಳೆ ನೋಡುತ್ತಾ ನಿಂತರು. ಮರುದಿನ ಬೋರ್ಡನ್ನು ಕಳಚಿದರು. ಗೋಡೆಯಲ್ಲಿ ಮೊಳೆಯ ತೂತುಗಳು ಹಾಗೆಯೇ ಉಂಟು.

ಅದಾದ ಮೇಲೆ ಮಾಮಿ ಸ್ವಿಚ್ಚಿನ ತಂಟೆಗೆ ಹೋಗುವುದು ಕಡಿಮೆಯಾಯಿತು. ನನಗೆ ಮೊದಲು ಬಿಡುವೆನ್ನಿಸಿತು. ಒಂದು ದಿನ ನೋಡಿದರೆ ಹಗಲಲ್ಲಿ ಚಾವಡಿಯ ಲೈಟು ಉರಿಯುತ್ತಿದೆ, ಟಿವಿ ಯಾರಿಗೂ ಅಲ್ಲದೆ ಮಾತಾಡುತ್ತಿದೆ, ಫ್ಯಾನು ಜೋರಾಗಿ ತಿರುಗುತ್ತಿದೆ, ಅದರ ಕೆಳಗೆ ಮಾಮಿ ಚಳಿಗೆ ಮುದುಡಿ ಕೂತಿದ್ದಾರೆ. ಎದ್ದು ನಿಲ್ಲಿಸಬೇಕೆಂದು ಅವರಿಗೆ ತೋಚಿರಲಿಲ್ಲ. ನಾನು ಅವರ ಕೈ ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋದೆ. ಬೆರಳನ್ನು ಸ್ವಿಚ್ಚಿನ ಮೇಲೆ ಇಟ್ಟೆ.

"ಬಂದ್ ಮಾಡಿ ಮಾಮಿ."

ಅವರು ನನ್ನ ಮುಖ ನೋಡಿದರು, ಸ್ವಿಚ್ಚು ನೋಡಿದರು. "ಇದು ಎಂತ?" ಎಂದು ಕೇಳಿದರು.

ಅಷ್ಟು ದಿನ ಬೇಡಿಕೊಂಡದ್ದು ಅವರು ಸ್ವಿಚ್ಚು ಮುಟ್ಟದಿರಲಿ ಎಂದು. ಆ ಮಧ್ಯಾಹ್ನ ಅವರು ಒಮ್ಮೆ, ಒಂದೇ ಒಂದು ಸಲ, ಫ್ರಿಜ್ಜನ್ನಾದರೂ ನಿಲ್ಲಿಸಲಿ ಎನ್ನಿಸಿತು. ಫ್ಯಾನು ನಾನೇ ನಿಲ್ಲಿಸಿದೆ. ಶಾಲು ಹೊದೆಸಿದೆ.

ಅವರು ಹಾಸಿಗೆ ಹಿಡಿದು ಈಗ ಎರಡನೆಯ ಮಳೆಗಾಲ. ಲ್ಯಾಬಿನ ಕೆಲಸ ಬಿಟ್ಟಿದ್ದೇನೆ. ಬೆನ್ನು ಹುಣ್ಣಾಗಬಾರದೆಂದು ಗಾಳಿ ತುಂಬುವ ಹಾಸಿಗೆ ತಂದಿದ್ದೇವೆ. ಅದಕ್ಕೊಂದು ಮೋಟಾರು ಉಂಟು, ಅದು ನಿಲ್ಲುವಂತಿಲ್ಲ. ಒಂದು ಬದಿಯ ಗಾಳಿ ಇಳಿದು ಇನ್ನೊಂದು ಬದಿಗೆ ಏರುತ್ತಾ ಇರಬೇಕು. ಅಡುಗೆಮನೆಯಲ್ಲಿದ್ದರೂ ಅದರ ಗುಂಯ್ ಎಂಬ ಸದ್ದು ಕೇಳುತ್ತದೆ. ಊಟವನ್ನು ನುಣ್ಣಗೆ ಮಾಡುವುದಕ್ಕೆ ದಿನಕ್ಕೆ ಹಲವು ಸಲ ಮಿಕ್ಸಿ. ಬಟ್ಟೆ ಒಣಗಿಸುವುದಕ್ಕೆ ಫ್ಯಾನಿನ ಕೆಳಗೆ ಹಗ್ಗ. ನನ್ನ ಮಟ್ಟಿಗೆ ಏನಾದರೂ ಉಳಿಸೋಣ ಎಂದು ಫ್ರಿಜ್ಜನ್ನು ಖಾಲಿ ಮಾಡಿ ನಿಲ್ಲಿಸಿದೆ. ಹದಿನೈದು ದಿನದಲ್ಲಿ ಅವರಿಗೆ ಹಾಕುವ ಔಷಧವೊಂದನ್ನು ತಂಪಿನಲ್ಲಿಡಬೇಕೆಂದು ಡಾಕ್ಟರು ಬರೆದುಕೊಟ್ಟರು, ಮತ್ತೆ ಹಾಕಿದೆ. ಈಗ ಅದರೊಳಗೆ ಆ ಒಂದು ಸಣ್ಣ ಪೆಟ್ಟಿಗೆ ಬಿಟ್ಟರೆ ಹೆಚ್ಚೇನೂ ಇಲ್ಲ. ಅದಕ್ಕೋಸ್ಕರ ಇಡೀ ಫ್ರಿಜ್ಜು ಓಡುತ್ತದೆ.

ನಿನ್ನೆ ಗಾಳಿಗೆ ಎಲ್ಲೋ ಮರ ಬಿದ್ದು ಮಧ್ಯಾಹ್ನದಿಂದ ಕರೆಂಟು ಇರಲಿಲ್ಲ. ಇನ್ವರ್ಟರು ಸ್ವಲ್ಪ ಹೊತ್ತು ಎಳೆದು ನಿಂತಿತು. ಹಾಸಿಗೆ ಮೆಲ್ಲ ಮೆಲ್ಲ ಇಳಿದು, ಮಾಮಿ ಮಂಚದ ಹಲಗೆಗೆ ತಾಗಿದರು. ಗಂಡ ಭುಜ ಹಿಡಿದರು, ನಾನು ಸೊಂಟ ಹಿಡಿದೆ, ಮಗ್ಗುಲು ಬದಲಿಸಿದೆವು. ಅವರ ಮೈಯಲ್ಲಿ ಈಗ ಭಾರವೇ ಇಲ್ಲ. ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ, ಒಂದು ದೀಪವೂ ಇರಲಿಲ್ಲ. ಮಾಮಿ ಕಣ್ಣು ತೆರೆದು ಮೇಲೆ ಮಾಡಿನ ಕಡೆ ನೋಡುತ್ತಿದ್ದರು. ಅವರಿಗೆ ಏನಾದರೂ ಗೊತ್ತಾಯಿತೇ ಎಂದು ನಾನು ಮುಖ ನೋಡಿದೆ. ಏನೂ ಕಾಣಲಿಲ್ಲ.

"ಮೀನಿನ ಸೀಸನ್ ಶುರುವಾದರೆ ನೀನು ಒಬ್ಬಳೇ ಹೇಗೆ ಮಗ್ಗುಲು ಬದಲಿಸುತ್ತಿ?" ಎಂದು ಗಂಡ ಕೇಳಿದರು.

"ನೋಡುವ" ಎಂದೆ.

"ಈ ವರ್ಷ ಹೋಗುವುದು ಬೇಡವಾ?"

"ಹೋಗದಿದ್ದರೆ ಇದೆಲ್ಲ ನಡೆಯುವುದು ಹೇಗೆ?"

ಸಂಜೆ ಕರೆಂಟು ಬಂತು, ಮೋಟಾರು ಮತ್ತೆ ಶುರುವಾಯಿತು. ಇವತ್ತು ಬೆಳಗ್ಗಿನಿಂದ ಗಂಡ ಜಗಲಿಯಲ್ಲಿ ಕೂತು, ಬೋಟಿಗೆ ಒಯ್ಯುವ ಚೀಲದ ಹರಿದ ಪಟ್ಟಿಗೆ ಹೊಲಿಗೆ ಹಾಕುತ್ತಿದ್ದಾರೆ.